ಕೊಡ ಬಿಟ್ಟವಳು, ಹೊದಿಕೆ ಎಸೆದವನು, ಮುಖ ಬಾಡಿಸಿಕೊಂಡು ಹೋದವನು

(ಮನೆ ಪ್ರಾರ್ಥನಾ ಕೂಟ ನಡೆಸುವವರಿಗೆ ಮತ್ತು ಸಂಡೇ ಸ್ಕೂಲ್ ಶಿಕ್ಷಕರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಮಾರ್ಕನ ಸುವಾರ್ತೆಯಲ್ಲಿ ಬರುವ ಮೂವರಿಂದ ಶುರುಮಾಡೋಣ. ಗೆರಸೇನರ ಸೀಮೆಯಲ್ಲಿ ದೆವ್ವದ ಕಾಟದಿಂದ ಬಿಡುಗಡೆಯಾದವನು ದೋಣಿಯ ಹತ್ತಿರ ಬಂದು, ನಾನೂ ನಿಮ್ಮ ಜೊತೆ ಬರುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ. ಮನೆಗೆ ಹೋಗು, ನಿನ್ನವರಿಗೆ ಹೇಳು ಎನ್ನುತ್ತಾರೆ (ಮಾರ್ಕ 5:19). ಐದು ಅಧ್ಯಾಯ ದಾಟಿದರೆ ಒಬ್ಬ ಆಸ್ತಿವಂತ ಓಡಿಬಂದು ಮೊಣಕಾಲೂರುತ್ತಾನೆ. ಅವನನ್ನು ಬಾ ಎಂದು ಕರೆಯುತ್ತಾರೆ, ಅವನು ಹೊರಟುಹೋಗುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ ಯೆರಿಕೋವಿನ ಕುರುಡ ಭಿಕ್ಷುಕ ಬಾರ್ತಿಮಾಯನಿಗೆ ಕಣ್ಣು ಬರುತ್ತದೆ. ಅವನಿಗೆ ಹೇಳಿದ್ದು ಹೋಗು ಎಂದು. ಅವನು ಹೋಗಲಿಲ್ಲ, ಹಿಂದೆಯೇ ದಾರಿ ಹಿಡಿದ.

ಬರುತ್ತೇನೆಂದವನನ್ನು ಮನೆಗೆ ಕಳಿಸಿದರು, ಕರೆದವನು ಬರಲಿಲ್ಲ, ಹೋಗು ಅನ್ನಿಸಿಕೊಂಡವನು ಬಂದ. ಹಿಂಬಾಲಿಸುವುದು ಎಂದರೆ ಇಷ್ಟೇ ಎಂದು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಲು ಈ ಮೂವರೂ ಬಿಡುವುದಿಲ್ಲ. ಒಬ್ಬರಿಗೆ ಹೇಳಿದ ಮಾತನ್ನು ಎಲ್ಲರಿಗೂ ಕಾನೂನು ಮಾಡುವುದೇ ನಮ್ಮ ಕೂಟಗಳಲ್ಲಿ ಅತಿ ಹೆಚ್ಚಾಗಿ ಆಗುವ ತಪ್ಪು. ಈ ಹೊತ್ತಿನ ಮಾತೆಲ್ಲ ಇದರ ಸುತ್ತಲೇ.

ಮಾರ್ಕ 5ರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಓದುವಾಗ ಸುಲಭವಾಗಿ ತಪ್ಪಿಹೋಗುತ್ತದೆ. ಬೇಡಿಕೊಳ್ಳು ಎಂಬ ಒಂದೇ ಗ್ರೀಕ್ ಕ್ರಿಯಾಪದ ಆ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ದೆವ್ವಗಳು ಹಂದಿಗಳೊಳಗೆ ಕಳಿಸು ಎಂದು ಬೇಡುತ್ತವೆ, ಅಪ್ಪಣೆ ಸಿಗುತ್ತದೆ. ಊರಿನವರು ನಮ್ಮ ಸೀಮೆ ಬಿಟ್ಟು ಹೋಗು ಎಂದು ಬೇಡುತ್ತಾರೆ, ಅದೂ ನಡೆಯುತ್ತದೆ. ಗುಣವಾದವನು ಜೊತೆಗಿರುತ್ತೇನೆ ಎಂದು ಬೇಡುತ್ತಾನೆ, ಅವನೊಬ್ಬನಿಗೆ ಮಾತ್ರ ಇಲ್ಲ. ಬೇಡಿದ್ದು ಸಿಕ್ಕಿದರೆ ನಂಬಿಕೆ ದೊಡ್ಡದು, ಸಿಗದಿದ್ದರೆ ಸಣ್ಣದು ಎಂಬ ಲೆಕ್ಕ ಹಾಕುವವರು ಈ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು. ಅಲ್ಲಿ ಬೇಡಿದ್ದು ದೆವ್ವಗಳಿಗೂ ಸಿಕ್ಕಿತು.

ಇನ್ನು ಓದುವ ಬಗೆ. ಎಂಟರಿಂದ ಹನ್ನೆರಡು ಜನರ ಕೂಟಕ್ಕೆ, ಯಾರೋ ಒಬ್ಬರು ಯೇಸುವನ್ನು ಭೇಟಿಯಾದ ಒಂದು ಕಥೆ ಸಾಕು, ನಲವತ್ತೈದು ನಿಮಿಷ ಸಾಕು. ಭಾಗವನ್ನು ಮೂರು ಸಲ ಓದಿಸಿ. ಮೊದಲ ಸಲ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಎರಡನೇ ಸಲ ಎಲ್ಲರೂ ಪೆನ್ಸಿಲ್ ಹಿಡಿದು, ಯೇಸುವಿನ ಎದುರು ನಿಂತ ಮನುಷ್ಯನ ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯಲಿ: ಓಡಿದನು, ಕೂಗಿದನು, ಮುಟ್ಟಿದಳು, ಬಿಟ್ಟಳು. ಮೂರನೇ ಓದು ಮೌನದಲ್ಲಿ. ಆಮೇಲೆ ಹಲಗೆಯ ಮೇಲೆ ಮೂರು ಪ್ರಶ್ನೆ ಬರೆಯಿರಿ. ಬರುವಾಗ ಏನು ಹೊತ್ತುಕೊಂಡು ಬಂದರು? ಅಲ್ಲಿ ಏನು ಬಿಟ್ಟರು? ಹೋಗುವಾಗ ಕಾಲು ಯಾವ ಕಡೆಗೆ ತಿರುಗಿತ್ತು? ನನ್ನ ಜೀವನಕ್ಕೆ ಇದು ಏನು ಹೇಳುತ್ತದೆ ಎಂಬ ಪ್ರಶ್ನೆಯನ್ನು ಮೊದಲ ಅರ್ಧ ಗಂಟೆ ಯಾರೂ ಎತ್ತಕೂಡದು. ಅದನ್ನು ಮೊದಲೇ ಎತ್ತಿದರೆ ಜನ ಪಠ್ಯ ಬಿಟ್ಟು ತಮ್ಮ ಮನೆ ಕಥೆ ಶುರುಮಾಡುತ್ತಾರೆ. ಸತ್ಯವೇದ ಮಡಿಲಲ್ಲೇ ಮುಚ್ಚಿಕೊಂಡಿರುತ್ತದೆ.

ಒಂದು ಸಲಕ್ಕೆ ಒಂದೇ ಸುವಾರ್ತೆ ಎಂಬ ನಿಯಮವೂ ಇರಲಿ. ನಾವೆಲ್ಲ ಐಶ್ವರ್ಯವಂತನಾದ ಯುವ ಅಧಿಕಾರಿ ಎಂದು ಸಲೀಸಾಗಿ ಹೇಳುತ್ತೇವೆ. ಅಂಥ ಮನುಷ್ಯ ಯಾವ ಒಂದು ಸುವಾರ್ತೆಯಲ್ಲೂ ಇಲ್ಲ. ಯೌವನಸ್ಥ ಎನ್ನುವುದು ಮತ್ತಾಯ, ಅಧಿಕಾರಿ ಎನ್ನುವುದು ಲೂಕ. ಮಾರ್ಕ ಇವೆರಡನ್ನೂ ಹೇಳುವುದಿಲ್ಲ. ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದರು ಎಂದು ಅವನೊಬ್ಬನೇ ಹೇಳುತ್ತಾನೆ. ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿದಾಗ ಮಾಯವಾಗುವುದು ಆ ಪ್ರೀತಿಯ ಮಾತೇ. ಮಗ್ದಲದ ಮರಿಯಳಿಗೆ ಆದದ್ದೂ ಇಂಥದ್ದೇ. ಲೂಕ 7ರಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ತೋಯಿಸಿದ, ಪಾಪಿ ಅನ್ನಿಸಿಕೊಂಡವಳಿಗೆ ಹೆಸರಿಲ್ಲ. ಮಗ್ದಲದ ಮರಿಯಳ ಹೆಸರು ಬರುವುದು ಮುಂದಿನ ಅಧ್ಯಾಯದಲ್ಲಿ. ಕ್ರಿ.ಶ. 591ರಲ್ಲಿ ಪೋಪ್ ಒಂದನೇ ಗ್ರೆಗೋರಿ ಒಂದು ಪ್ರಸಂಗದಲ್ಲಿ ಇಬ್ಬರನ್ನೂ ಒಬ್ಬಳೇ ಎಂದು ಸೇರಿಸಿದ ಮೇಲೆ ಆ ಹೆಸರಿಗೆ ಅಂಟಿದ ಕೆಸರು ಸಾವಿರ ವರ್ಷ ದಾಟಿದರೂ ಹೋಗಲಿಲ್ಲ. ಕಥೋಲಿಕ ಸಭೆಯ ಪಂಚಾಂಗ 1969ರಲ್ಲಿ ಅದನ್ನು ತಿದ್ದಿತು. ನಮ್ಮ ಕ್ರಿಸ್ಮಸ್, ಈಸ್ಟರ್ ನಾಟಕಗಳು ಇನ್ನೂ ತಿದ್ದಿಕೊಂಡಿಲ್ಲ.

ಈಗ ಬಾವಿಯ ಹತ್ತಿರ ಹೋಗೋಣ. ಯೋಹಾನ 4, ದಣಿದು ಬಾವಿಯ ಬಳಿ ಕೂತ ಯೇಸು ನೀರಿಗೆ ಬಂದ ಸಮಾರ್ಯದ ಹೆಂಗಸೊಬ್ಬಳ ಹತ್ತಿರ ಕುಡಿಯಲು ನೀರು ಕೇಳುವ ಭಾಗ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇವೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಪ್ರಸಂಗವಾಗುವುದೂ ಅತಿ ಹೆಚ್ಚು ಕೆಡುವುದೂ ಈ ಭಾಗವೇ.

ಯಾಕೋಬನ ಬಾವಿ ಎಂದು ತೋರಿಸುವ ಜಾಗ ಇವತ್ತಿನ ನಾಬ್ಲಸ್ ಪಟ್ಟಣದಲ್ಲಿದೆ, ಗೆರಿಜ್ಜೀಮ್ ಬೆಟ್ಟದ ಬುಡದಲ್ಲಿ. ಬಾವಿಯ ಆಳ ಸುಮಾರು 40 ಮೀಟರ್. ಅಂದರೆ ಸೇದಲು ನೂರಮೂವತ್ತು ಅಡಿ ಹಗ್ಗ ಬೇಕು. ಸೇದುವುದಕ್ಕೆ ನಿಮ್ಮ ಹತ್ತಿರ ಏನೂ ಇಲ್ಲ, ಬಾವಿ ಆಳವಾಗಿದೆ ಎಂದು ಆ ಹೆಂಗಸು ಹೇಳುವುದು ಕುಹಕವಲ್ಲ, ದಿನಾ ಹಗ್ಗ ಎಳೆಯುವವಳ ಲೆಕ್ಕಾಚಾರ. ಯೋಹಾನ ಆ ಬಾವಿಗೆ ಎರಡು ಗ್ರೀಕ್ ಪದ ಬಳಸುತ್ತಾನೆ. ಒಂದರ ಅರ್ಥ ತೋಡಿದ ಬಾವಿ, ಇನ್ನೊಂದರ ಅರ್ಥ ಒರತೆ. ಆಕೆಯ ಬಾಯಲ್ಲಿ ಬರುವುದು ತೋಡಿದ ಬಾವಿ; ಯೇಸು ಕೊಡುತ್ತೇನೆ ಎನ್ನುವುದು ಒಳಗಿನಿಂದ ಉಕ್ಕುವ ಒರತೆ. ಬೇಸಿಗೆಯಲ್ಲಿ ಬಾವಿ ಬತ್ತಿ, ಕೆಳಗಿಳಿದು ಕೆಸರು ತೆಗೆದು ಒರತೆ ಹುಡುಕುವುದನ್ನು ಕಂಡ ಊರುಗಳಲ್ಲಿ ಈ ವ್ಯತ್ಯಾಸಕ್ಕೆ ವ್ಯಾಖ್ಯಾನವೇ ಬೇಡ.

ಯೆಹೂದ್ಯರಿಗೂ ಸಮಾರ್ಯರಿಗೂ ಬಳಕೆ ಇಲ್ಲ ಎಂಬ ಮಾತಿದೆಯಲ್ಲ, ಆ ಬಳಕೆಯಲ್ಲಿ ಪಾತ್ರೆಯ ಬಳಕೆಯೂ ಸೇರಿದೆ. ಅವಳ ಕೊಡದ ನೀರನ್ನು ಇವರು ಕುಡಿಯುವಂತಿಲ್ಲ. ಜಗಳ ಹಳೆಯದು: ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಸಮಾರ್ಯರ ದೇವಾಲಯವನ್ನು ಯೆಹೂದ್ಯರನ್ನು ಆಳುತ್ತಿದ್ದ ಮಹಾಯಾಜಕ ಯೋಹಾನ ಹಿರ್ಕಾನ ಕ್ರಿ.ಪೂ. ಎರಡನೇ ಶತಮಾನದ ಕೊನೆಯ ಭಾಗದಲ್ಲಿ ಕೆಡವಿಸಿದ್ದ. ಬೆಟ್ಟದ ಮೇಲೆ ಆರಾಧಿಸಬೇಕೋ ಯೆರೂಸಲೇಮಿನಲ್ಲೋ ಎಂದು ಆಕೆ ಕೇಳುವಾಗ ಆ ಹಾಳು ದೇವಾಲಯ ಅವರಿಬ್ಬರ ತಲೆಯ ಮೇಲೇ ಇದೆ. ಸಾವಿರಕ್ಕೂ ಕಡಿಮೆ ಉಳಿದಿರುವ ಸಮಾರ್ಯರು ಇಂದಿಗೂ ಅದೇ ಬೆಟ್ಟದ ಮೇಲೆ ಪಸ್ಕದ ಕುರಿ ಕೊಯ್ಯುತ್ತಾರೆ. ಯಾರ ಕೊಡ ಯಾರು ಮುಟ್ಟಬಹುದು, ಯಾರ ಬಾವಿಯಲ್ಲಿ ಯಾರು ಸೇದಬಹುದು ಎಂಬ ಪ್ರಶ್ನೆ ಕನ್ನಡ ನಾಡಿನ ಕೇಳುಗರಿಗೆ ಹೊಸದಲ್ಲ. ಆದ್ದರಿಂದ ಕುಡಿಯಲು ನೀರು ಕೊಡು ಎಂಬ ಮೊದಲ ವಾಕ್ಯವನ್ನು ದಾಟಿಕೊಂಡು ಓಡಬೇಡಿ. ಭೇಟಿ ಶುರುವಾಗುವುದು ಯೇಸು ಕೊಡುವುದರಿಂದ ಅಲ್ಲ, ಕೇಳುವುದರಿಂದ.

ಕೆಡುವುದು ಎಲ್ಲಿ ಅಂದರೆ, ನಿನಗೆ ಐವರು ಗಂಡಂದಿರಿದ್ದರು ಎಂದು ಯೇಸು ಅವಳಿಗೆ ಹೇಳುವ ಮಾತಿನಲ್ಲಿ. ಹೆಚ್ಚಿನ ಪ್ರಸಂಗಗಳಲ್ಲಿ ಆಕೆ ನಡತೆಗೆಟ್ಟವಳು, ಊರಿನವರಿಗೆ ಮುಖ ತೋರಿಸಲಾಗದೆ ಮಟಮಟ ಮಧ್ಯಾಹ್ನ ನೀರಿಗೆ ಬಂದವಳು. ಪಠ್ಯ ಹೇಳುವುದಿಷ್ಟೇ: ಆಗ ಹೆಚ್ಚುಕಡಿಮೆ ಮಧ್ಯಾಹ್ನ, ಯೇಸು ದಣಿದಿದ್ದರು, ಒಬ್ಬ ಹೆಂಗಸು ನೀರಿಗೆ ಬಂದಳು. ನಾಚಿಕೆಯ ಮಾತು ಎಲ್ಲಿಯೂ ಇಲ್ಲ. ತ್ಯಾಗಪತ್ರ ಬರೆದುಕೊಡುವವನು ಗಂಡ ಎಂಬುದು ಧರ್ಮೋಪದೇಶಕಾಂಡ 24ರ ವ್ಯವಸ್ಥೆ. ಐವರಲ್ಲಿ ಎಷ್ಟು ಜನ ಸತ್ತರು, ಎಷ್ಟು ಜನ ಬಿಟ್ಟರು ಎಂದು ಯೋಹಾನ ಬರೆದಿಲ್ಲ. ಇನ್ನು ಮೇಲೆ ಪಾಪ ಮಾಡಬೇಡ ಎಂದು ಯೇಸು ಐದನೇ ಅಧ್ಯಾಯದಲ್ಲಿ ಒಬ್ಬ ಗಂಡಸಿಗೆ ಹೇಳುತ್ತಾರೆ, ಇವಳಿಗೆ ಹೇಳುವುದಿಲ್ಲ. ಊರಿಗೆ ಬೇಡವಾದವಳ ಮಾತು ಕೇಳಿ ಇಡೀ ಊರು ಬಾವಿಯ ಕಡೆಗೆ ಎದ್ದು ಬರುತ್ತಿತ್ತೇ ಎಂಬುದನ್ನೂ ಕೇಳಿಕೊಳ್ಳಿ. ಪಾಪವನ್ನು ನಾವೇ ತುಂಬಿ, ಆಮೇಲೆ ಕ್ಷಮೆಯನ್ನೂ ನಾವೇ ಬಡಿಸಿದರೆ, ಅವಳು ಮಾಡಿದ ದೇವರ ಶಾಸ್ತ್ರದ ಚರ್ಚೆಗೆ ಜಾಗವೇ ಉಳಿಯುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ರಾತ್ರಿ ಬಂದ ದೊಡ್ಡ ಪಂಡಿತ ನಿಕೊದೇಮ ಮೂರು ಸಲ ಬಾಯಿ ತೆರೆದು ಸುಮ್ಮನಾದ. ಇವಳು ಮಾತಿಗೆ ಮಾತು ಕೊಡುತ್ತಾ ಹೋಗುತ್ತಾಳೆ.

ಅವಳು ಯೇಸುವನ್ನು ಕರೆಯುವ ಹೆಸರುಗಳನ್ನು ಸಾಲಾಗಿ ಹಲಗೆಯ ಮೇಲೆ ಬರೆಸಿ. ಒಂಬತ್ತನೇ ವಚನದಲ್ಲಿ ಯೆಹೂದ್ಯ. ಹನ್ನೊಂದರಲ್ಲಿ ಅಯ್ಯಾ. ಹನ್ನೆರಡರಲ್ಲಿ ಯಾಕೋಬನಿಗಿಂತ ದೊಡ್ಡವರೋ ಎಂಬ ಅನುಮಾನ. ಹತ್ತೊಂಬತ್ತರಲ್ಲಿ ಪ್ರವಾದಿ. ಇಪ್ಪತ್ತೊಂಬತ್ತರಲ್ಲಿ, ಬರುವ ಕ್ರಿಸ್ತ ಇವರೇ ಇರಬಹುದೇ ಎಂಬ ಪ್ರಶ್ನೆ. ಇಲ್ಲಿ ಗ್ರೀಕಿನ ಪ್ರಶ್ನೆ ತಡವರಿಸುವ ದನಿಯದು: ಅಲ್ಲ ಅಂತೀರೇನು, ಆಗಿರಲಿಕ್ಕಿಲ್ಲ ಅಲ್ಲವೇ ಎನ್ನುವ ಹಾಗೆ. ಪೂರ್ತಿ ನಂಬಿಕೆ ಬಂದ ಮೇಲೆ ಸಾಕ್ಷಿ ಹೇಳಲು ಹೋದವಳಲ್ಲ ಅವಳು. ಅರ್ಧ ಪ್ರಶ್ನೆ ಬಾಯಲ್ಲಿಟ್ಟುಕೊಂಡೇ ಓಡಿದಳು, ಊರು ಆ ಅರ್ಧ ಪ್ರಶ್ನೆಯನ್ನು ಕೇಳಿಯೇ ಹೊರಟಿತು. ಲೋಕರಕ್ಷಕ ಎಂಬ ದೊಡ್ಡ ಮಾತನ್ನು ಕೊನೆಗೆ ಹೇಳಿದ್ದು ಊರಿನವರು.

ಓಡುವಾಗ ಕೊಡ ಅಲ್ಲೇ ಬಿಟ್ಟಳು. ಯೋಹಾನ ಯಾಕೆ ಎಂದು ವಿವರಿಸುವುದಿಲ್ಲ. ಭಾರವಾಗಿತ್ತು ಎಂದು ಬಿಟ್ಟಿರಬಹುದು, ಬಾಯಾರಿದ ಇವರು ಕುಡಿಯಲಿ ಎಂದು ಬಿಟ್ಟಿರಬಹುದು, ಮರೆತಿರಬಹುದು. ಮೂರೂ ಉತ್ತರ ಕೂಟದಲ್ಲಿ ಬರುತ್ತವೆ. ಒಂದನ್ನು ಸರಿ ಎಂದು ಹೇಳಿ ಉಳಿದೆರಡನ್ನು ಅಳಿಸಬೇಡಿ. ಎರಡನೇ ಉತ್ತರ ನಮಗೆ ಇಷ್ಟ, ಏಕೆಂದರೆ ಮುಟ್ಟಬಾರದ ಕೊಡ ಆಗ ಯೇಸುವಿನ ಪಕ್ಕದಲ್ಲೇ ಇರುತ್ತದೆ.

ಬಿಟ್ಟುಬಿಡುವ ಮಾತು ಬಂತು, ಆಸ್ತಿಯ ವಿಷಯಕ್ಕೆ ಬರೋಣ. ಮಾರ್ಕ 10:21ರಲ್ಲಿ ಐದು ಆಜ್ಞೆಗಳಿವೆ: ಹೋಗು, ಮಾರು, ಕೊಡು, ಬಾ, ಹಿಂಬಾಲಿಸು. ಪ್ರಸಂಗ ಮಾಡುವವರು ಎರಡು ಬಗೆಯಲ್ಲಿ ಇದರಿಂದ ತಪ್ಪಿಸಿಕೊಳ್ಳುತ್ತಾರೆ. ಒಂದು, ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತಿನಲ್ಲಿ ಸೂಜಿಕಣ್ಣು ಎಂದರೆ ಯೆರೂಸಲೇಮಿನ ಒಂದು ಸಣ್ಣ ಬಾಗಿಲು, ಒಂಟೆ ಹೊರೆ ಇಳಿಸಿ ಮಂಡಿಯೂರಿದರೆ ದಾಟಬಹುದು ಎನ್ನುವುದು. ಯೇಸುವಿನ ಕಾಲದಲ್ಲಿ ಅಂಥ ಹೆಸರಿನ ಬಾಗಿಲು ಇತ್ತೆಂಬುದಕ್ಕೆ ಆಧಾರವಿಲ್ಲ. ಅದು ಮಧ್ಯಯುಗದ ವ್ಯಾಖ್ಯಾನಕಾರರಿಂದ ಬಂದ ಮಾತು. ಮಂಡಿಯೂರಿ ದಾಟುವಂತಿದ್ದರೆ, ಹಾಗಾದರೆ ಯಾರಿಗೆ ತಾನೇ ರಕ್ಷಣೆ ಎಂದು ಶಿಷ್ಯರು ಬೆಚ್ಚಿಬೀಳುತ್ತಿರಲಿಲ್ಲ. ಎರಡನೆಯದು ಇದಕ್ಕೆ ತದ್ವಿರುದ್ಧ: ಎಲ್ಲರೂ ಎಲ್ಲವನ್ನೂ ಮಾರಲೇಬೇಕು ಎಂದು ಗುಡುಗುವುದು, ಮಾರಿದ ಹಣ ಯಾರ ಕೈಗೆ ಎಂಬಲ್ಲಿ ಮಾತ್ರ ದನಿ ತಗ್ಗಿಸುವುದು. ಯೇಸು ಹೇಳಿದ್ದು ಬಡವರಿಗೆ ಕೊಡು ಎಂದು. ನನಗೆ ಕೊಡು ಅನ್ನಲಿಲ್ಲ.

ಲೂಕ ಈ ಎರಡೂ ಬಗೆಯವರಿಗೆ ಒಂದು ಉತ್ತರ ಇಟ್ಟಿದ್ದಾನೆ. ಹದಿನೆಂಟನೇ ಅಧ್ಯಾಯದಲ್ಲಿ ಈ ಶ್ರೀಮಂತ, ಹತ್ತೊಂಬತ್ತರ ಆರಂಭದಲ್ಲಿ ಇನ್ನೊಬ್ಬ ಶ್ರೀಮಂತ: ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ. ಕುಳ್ಳ, ಜನರ ಮಧ್ಯೆ ಕಾಣದೆ ಅತ್ತಿಮರ ಹತ್ತಿದ. ಆ ಸೀಮೆಯ ಅತ್ತಿಗೆ ಕೊಂಬೆಗಳು ಕೆಳಗೇ ಅಡ್ಡಡ್ಡ ಹರಡಿರುತ್ತವೆ, ಗಿಡ್ಡನೆಯವನಿಗೂ ಹತ್ತಲು ಸುಲಭ. ಹಣವಂತನಿಗೆ ಕಷ್ಟವಾಗುವುದು ಊರಿನವರ ಎದುರು ಪಂಚೆ ಎತ್ತಿಕಟ್ಟಿ ಹತ್ತುವುದು. ಮರದಿಂದ ಇಳಿ, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದು ಕನ್ನಡದಲ್ಲಿ ಹೇಳುವಾಗ ಆ ಒಂದೇ ಇಳಿಯುವಿಕೆ ಇಬ್ಬರಿಗೂ ಅನ್ವಯಿಸುತ್ತದೆ. ಜಕ್ಕಾಯನಿಗೆ ಮಾರು ಎಂದು ಯೇಸು ಹೇಳಲೇ ಇಲ್ಲ. ಅವನೇ ಎದ್ದು ನಿಂತು ಲೆಕ್ಕ ಒಪ್ಪಿಸುತ್ತಾನೆ: ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು.

ಈ ಲೆಕ್ಕವನ್ನು ಹಲಗೆಯ ಮೇಲೆ ಹಾಕಿ ತೋರಿಸಿ, ಮಕ್ಕಳಿಗಂತೂ ಬಹಳ ಹಿಡಿಸುತ್ತದೆ. ಮೋಸದಿಂದ ತೆಗೆದುಕೊಂಡದ್ದನ್ನು ತಾನೇ ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಎಂಬುದು ಯಾಜಕಕಾಂಡ 6, ಅರಣ್ಯಕಾಂಡ 5ರ ನಿಯಮ. ನೂರಕ್ಕೆ ನೂರಿಪ್ಪತ್ತು. ಕದ್ದ ಕುರಿಯನ್ನು ಕೊಯ್ದೋ ಮಾರಿಯೋ ಬಿಟ್ಟಿದ್ದರೆ ಮಾತ್ರ ನಾಲ್ಕರಷ್ಟು, ವಿಮೋಚನಕಾಂಡ 22. ಜಕ್ಕಾಯ ಕುರಿಗಳ್ಳನ ದಂಡವನ್ನು ತಾನೇ ಹಾಕಿಕೊಂಡ. ಅವನ ಆಸ್ತಿ 1000 ದಿನಾರಿ ಎಂದಿಟ್ಟುಕೊಳ್ಳಿ. 500 ಬಡವರಿಗೆ ಹೋಯಿತು. ಕಿತ್ತುಕೊಂಡದ್ದು 100 ಇದ್ದರೆ 400 ಹೋಯಿತು, ಉಳಿದದ್ದು 100. ಕಿತ್ತುಕೊಂಡದ್ದು 125 ಇದ್ದರೆ ಕೈ ಬರಿದು. ಅಂದರೆ ಆಸ್ತಿಯ ಎಂಟನೇ ಒಂದು ಪಾಲು ಮಾತ್ರ ಅನ್ಯಾಯದ್ದಾಗಿದ್ದರೂ ಅವನಿಗೆ ಏನೂ ಉಳಿಯುವುದಿಲ್ಲ. ಅರ್ಧ ಎಂಬುದು ಕೇಳಲು ಹಗುರ, ಕೂಡಿಸಿ ನೋಡಿದರೆ ಶ್ರೀಮಂತನಿಗೆ ಹೇಳಿದ ಎಲ್ಲವನ್ನೂ ಎಂಬ ಮಾತಿಗೆ ಅದು ಅಷ್ಟೇನೂ ದೂರವಿಲ್ಲ. ಅವನ ಮಾತಿನ ಕ್ರಿಯಾಪದಗಳು ಗ್ರೀಕಿನಲ್ಲಿ ವರ್ತಮಾನದಲ್ಲಿವೆ, ಕೊಡುತ್ತೇನೆ ಎಂದು. ಇನ್ನು ಮುಂದೆ ಎಂದೋ, ಈಗಾಗಲೇ ಕೊಡುತ್ತಾ ಬಂದಿದ್ದೇನೆ ಎಂದೋ ಪಂಡಿತರಲ್ಲಿ ಒಮ್ಮತವಿಲ್ಲ. ಕೂಟದಲ್ಲಿ ಯಾರಾದರೂ ಎರಡನೆಯದನ್ನು ಹೇಳಿದರೆ ತಪ್ಪು ಎನ್ನಬೇಡಿ.

ಇದೇ ಲೂಕನಲ್ಲಿ ಎಂಟನೇ ಅಧ್ಯಾಯದ ಮೊದಲ ಮೂರು ವಚನಗಳಲ್ಲಿ ಯೋಹಾನ್ನಳು, ಸುಸನ್ನಳು, ಮಗ್ದಲದ ಮರಿಯಳು ತಮ್ಮ ಸ್ವಂತ ಆಸ್ತಿಯಿಂದ ಯೇಸುವಿನ ತಂಡದ ಖರ್ಚು ನೋಡಿಕೊಂಡ ಸಂಗತಿಯಿದೆ. ಯೋಹಾನ್ನಳ ಗಂಡ ಹೆರೋದನ ಮನೆವಾರ್ತೆಯವ. ಎಲ್ಲರೂ ಮಾರಿಬಿಟ್ಟಿದ್ದರೆ ಹನ್ನೆರಡು ಜನ ಶಿಷ್ಯರಿಗೆ ರೊಟ್ಟಿ ಎಲ್ಲಿಂದ ಬರಬೇಕಿತ್ತು?

ನಂಬಿಕೆ ಎಂಬ ಪದದ ಬಗ್ಗೆ ಒಂದೆರಡು ಮಾತು. ಯೋಹಾನನ ಸುವಾರ್ತೆಯಲ್ಲಿ ನಂಬು ಎಂಬ ಕ್ರಿಯಾಪದ 98 ಸಲ ಬರುತ್ತದೆ. ನಂಬಿಕೆ ಎಂಬ ನಾಮಪದ ಗ್ರೀಕ್ ಮೂಲದಲ್ಲಿ ಒಂದು ಸಲವೂ ಇಲ್ಲ. ಜೇಬಿನಲ್ಲಿಟ್ಟುಕೊಂಡು ಇಷ್ಟಿದೆ ಎಂದು ತೋರಿಸುವ ವಸ್ತುವಾಗಿ ಅವನು ಅದನ್ನು ನೋಡಿಯೇ ಇಲ್ಲ. ಉಳಿದ ಸುವಾರ್ತೆಗಳ ನಾಮಪದಕ್ಕೂ ಎರಡು ಮುಖವಿದೆ: ನೆಚ್ಚುವುದು, ನೆಚ್ಚಿಗೆಗೆ ತಕ್ಕ ಹಾಗೆ ನಡೆಯುವುದು. ಕನ್ನಡಕ್ಕೆ ಇದು ಕಷ್ಟವಲ್ಲ. ದೇವರಲ್ಲಿ ನಂಬಿಕೆ ಎನ್ನುತ್ತೇವೆ, ಅವನು ನಂಬಿಕೆಯ ಆಳು ಎಂದೂ ಎನ್ನುತ್ತೇವೆ. ವಿಶ್ವಾಸ ಎಂದರಂತೂ ಪ್ರೀತಿ ವಿಶ್ವಾಸ ಎಂಬ ಜೋಡಿಯಲ್ಲಿ ಬಳಕೆಯ ಆಪ್ತತೆಯೂ ಬಂದುಬಿಡುತ್ತದೆ. ಹಿಂಬಾಲಿಸು ಎಂಬುದಕ್ಕೆ ಗ್ರೀಕಿನ ಪದವನ್ನು ಒಡೆದರೆ ಒಂದೇ ದಾರಿಯವನಾಗು ಎಂದಾಗುತ್ತದೆ.

ಯೇಸು ಯಾರ ನಂಬಿಕೆಯನ್ನು ದೊಡ್ಡದು ಎಂದರು? ಮತ್ತಾಯನಲ್ಲಿ ಇಬ್ಬರದು: ರೋಮ್ ಸೈನ್ಯದ ಶತಾಧಿಪತಿ, ಕಾನಾನ್ಯ ತಾಯಿ. ಇಬ್ಬರೂ ಹೊರಗಿನವರು. ಅಲ್ಪವಿಶ್ವಾಸಿಗಳು ಎಂಬ ಗದರಿಕೆ ಸಿಕ್ಕಿದ್ದು ಜೊತೆಗೇ ಇದ್ದ ಶಿಷ್ಯರಿಗೆ, ಅದೂ ಮತ್ತೆ ಮತ್ತೆ. ಆ ಕಾನಾನ್ಯ ತಾಯಿಯ ಕೆಲಸವೇನು? ಮಗಳಿಗಾಗಿ ಬೇಡಿದಾಗ ಯೇಸು ಮಕ್ಕಳ ರೊಟ್ಟಿ ನಾಯಿಮರಿಗಳಿಗಲ್ಲ ಎಂದರೂ ತಲೆತಗ್ಗಿಸಿ ಹೋಗಲಿಲ್ಲ. ಮೇಜಿನ ಕೆಳಗಿನ ತುಣುಕು ನಾಯಿಮರಿಗಳದ್ದೇ ಎಂದು ವಾದಿಸಿದಳು. ಪ್ರಶ್ನೆ ಕೇಳುವವರನ್ನು ನಂಬಿಕೆ ಸಾಲದವರು ಎಂದು ಬಾಯಿ ಮುಚ್ಚಿಸುವ ಕೂಟಗಳು ಆಕೆಯನ್ನು ಹೊರಗೆ ಕಳಿಸುತ್ತಿದ್ದವೇನೋ.

ಇಲ್ಲಿ ಅಪಾಯದ ಒಂದು ಜಾಗವಿದೆ, ಸ್ಪಷ್ಟವಾಗಿ ಹೇಳಬೇಕು. ಮಾರ್ಕ 5ರ ಹೆಂಗಸು ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು. ಅನೇಕ ವೈದ್ಯರಿಗೆ ತೋರಿಸಿ, ಇದ್ದದ್ದನ್ನೆಲ್ಲ ಖರ್ಚುಮಾಡಿದರೂ ಕಾಯಿಲೆ ಇನ್ನೂ ಹೆಚ್ಚಾಗಿತ್ತು. ಈ ವಾಕ್ಯ ಹಿಡಿದು ಮಾತ್ರೆ ಬಿಡಿಸುವವರಿದ್ದಾರೆ. ಕಾಯಿಲೆಯವರಿಗೆ ವೈದ್ಯ ಬೇಕು ಎಂದವರೂ ಯೇಸುವೇ, ಮಾರ್ಕ 2:17. ಕುಷ್ಠ ವಾಸಿಯಾದವನನ್ನು ಯಾಜಕನ ಹತ್ತಿರ ತೋರಿಸಿಕೊಂಡು ಬಾ ಎಂದು ಕಳಿಸಿದರು. ವಾಸಿಯಾಗಿದೆ ಎಂದು ಪರೀಕ್ಷಿಸಿ ಹೇಳುವ ಅಧಿಕಾರ ಆಗ ಯಾಜಕನದು. ಹಾಗೆಯೇ ಗುಣವಾಯಿತು ಎಂದು ಸಾಕ್ಷಿ ಹೇಳಲು ಬಂದವರನ್ನು ಡಾಕ್ಟರ ಹತ್ತಿರ ಪರೀಕ್ಷೆಗೆ ಕಳಿಸುವುದು ಅಪನಂಬಿಕೆಯಲ್ಲ, ಸುವಾರ್ತೆಯ ಕ್ರಮ. ಟಿಬಿಯ ಸಾಮಾನ್ಯ ಚಿಕಿತ್ಸೆ ಆರು ತಿಂಗಳದು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು ಎಂದು ಮಾತ್ರೆ ಬಿಟ್ಟರೆ ಉಳಿದ ಕ್ರಿಮಿ ಮದ್ದಿಗೆ ಬಗ್ಗದಂತಾಗಿ ಮನೆಮಂದಿಗೂ ಅಂಟಬಹುದು. ಸಕ್ಕರೆ ಕಾಯಿಲೆ, ಬಿಪಿ, ಮನಸ್ಸಿನ ಕಾಯಿಲೆಯ ಮದ್ದುಗಳೂ ಹೀಗೆಯೇ. ಪ್ರಾರ್ಥಿಸಿ, ಕೈಯಿಡಿ, ಮಾತ್ರೆಯ ಬಗ್ಗೆ ಮಾತ್ರ ಬಾಯಿ ಹಾಕಬೇಡಿ.

ಆ ಹೆಂಗಸಿನ ಭೇಟಿಯನ್ನು ನಾವು ಇಪ್ಪತ್ತೊಂಬತ್ತನೇ ವಚನಕ್ಕೇ ಮುಗಿಸಿಬಿಡುತ್ತೇವೆ: ಮುಟ್ಟಿದಳು, ರಕ್ತ ನಿಂತಿತು. ನಿನ್ನ ನಂಬಿಕೆ ನಿನ್ನನ್ನು ಉಳಿಸಿತು ಎಂಬ ಮಾತು ಬರುವುದು ಮೂವತ್ತನಾಲ್ಕರಲ್ಲಿ. ನಡುವೆ ಏನಾಯಿತು? ಯೇಸು ನಿಂತರು, ಯಾರು ಮುಟ್ಟಿದ್ದು ಎಂದರು, ಶಿಷ್ಯರು ಇಷ್ಟು ನೂಕುನುಗ್ಗಲಿನಲ್ಲಿ ಇದೇನು ಪ್ರಶ್ನೆ ಎಂದರು, ಅವಳು ನಡುಗುತ್ತಾ ಬಂದು ಎಲ್ಲರೆದುರು ನಿಜವನ್ನೆಲ್ಲ ಹೇಳಿದಳು. ಹನ್ನೆರಡು ವರ್ಷ ಮುಟ್ಟಿದ್ದೆಲ್ಲ ಅಶುದ್ಧ ಅನ್ನಿಸಿಕೊಂಡವಳ ಮಾತನ್ನು ಬೀದಿ ನಿಂತು ಕೇಳಿತು. ಆಮೇಲೆ ಮಗಳೇ ಎಂದರು. ಸುವಾರ್ತೆಗಳಲ್ಲಿ ಯೇಸು ಹೆಸರಿಲ್ಲದ ಒಬ್ಬಳನ್ನು ನೇರವಾಗಿ ಹೀಗೆ ಕರೆದದ್ದು ಇದೊಂದೇ ಪ್ರಸಂಗದಲ್ಲಿ. ಆ ಹೊತ್ತಿಗೆ, ಸಾಯುತ್ತಿರುವ ಮಗಳಿಗಾಗಿ ಯೇಸುವನ್ನು ಮನೆಗೆ ಕರೆದೊಯ್ಯುತ್ತಿದ್ದ ಸಭಾಮಂದಿರದ ಅಧಿಕಾರಿ ಯಾಯೀರ ಪಕ್ಕದಲ್ಲೇ ಕಾಯುತ್ತಿದ್ದಾನೆ. ಅವನ ಹನ್ನೆರಡು ವರ್ಷದ ಮಗಳು ಈ ತಡದಲ್ಲೇ ಸಾಯುತ್ತಾಳೆ. ಕೂಟದಲ್ಲಿ ಅರ್ಧ ಜನರನ್ನು ಯಾಯೀರನ ಜಾಗದಲ್ಲಿ ನಿಲ್ಲಿಸಿ ಓದಿಸಿ. ಪಾಠವೇ ಬೇರೆಯಾಗುತ್ತದೆ.

ಉಳಿಸು ಎಂಬ ಆ ಗ್ರೀಕ್ ಪದಕ್ಕೆ ವಾಸಿಮಾಡು, ರಕ್ಷಿಸು ಎರಡೂ ಅರ್ಥ. ಲೂಕ ಈ ವಾಕ್ಯವನ್ನು ನಾಲ್ವರಿಗೆ ಬಳಸುತ್ತಾನೆ: ಪಾದ ತೋಯಿಸಿದವಳು, ರಕ್ತಸ್ರಾವದವಳು, ತಿರುಗಿ ಬಂದ ಸಮಾರ್ಯದ ಕುಷ್ಠರೋಗಿ, ಯೆರಿಕೋವಿನ ಕುರುಡ. ಮೊದಲನೆಯವಳಿಗೆ ಕಾಯಿಲೆಯೇ ಇರಲಿಲ್ಲ. ಇತ್ತ ನಾಯಿನೆಂಬ ಊರಿನ ವಿಧವೆ ಏನನ್ನೂ ಕೇಳಲಿಲ್ಲ, ಸತ್ತಿದ್ದ ಮಗ ಎದ್ದ. ಮೂವತ್ತೆಂಟು ವರ್ಷದಿಂದ ಕಾಯಿಲೆಯಾಗಿ ಬೇತ್ಸಥಾ ಕೊಳದ ಬಳಿ ಬಿದ್ದಿದ್ದವನಿಗೆ ವಾಸಿಮಾಡಿದವರು ಯಾರೆಂದೇ ಗೊತ್ತಿರಲಿಲ್ಲ. ಮಾಳಿಗೆ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಯ ವಿಷಯದಲ್ಲಿ ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆ. ಹಾಗಾಗಿ ಗುಣವಾಗದ ಕಾಯಿಲೆಯವರ ಮಂಚದ ಪಕ್ಕ ನಿಂತು ನಿಮ್ಮ ನಂಬಿಕೆ ಸಾಲದು ಎನ್ನುವವರಿಗೆ ಸುವಾರ್ತೆಯಲ್ಲಿ ಆಧಾರ ಸಿಗುವುದು ಕಷ್ಟ.

ನಿಕೊದೇಮನ ಬಗ್ಗೆ ಚಿಕ್ಕದಾಗಿ. ಯೋಹಾನ 3ರಲ್ಲಿ ಮನುಷ್ಯ ಹೇಗೆ ಹುಟ್ಟಬೇಕು ಎಂದು ಯೇಸು ಅವನಿಗೆ ಹೇಳುವಾಗ ಬಳಸಿದ ಗ್ರೀಕ್ ಪದಕ್ಕೆ ಮತ್ತೆ ಎಂಬರ್ಥವೂ ಇದೆ, ಮೇಲಿಂದ ಎಂಬರ್ಥವೂ ಇದೆ. ಯೇಸು ಮೇಲಿಂದ ಎಂದರೆ ಅವನು ಮತ್ತೆ ಎಂದು ಕೇಳಿಸಿಕೊಂಡು ತಾಯಿಯ ಗರ್ಭದ ಮಾತೆತ್ತುತ್ತಾನೆ. ಮೇಲಿಂದ ಮೇಲೆ ಎನ್ನುವ ನಮಗೆ ಈ ಗೊಂದಲ ಚೆನ್ನಾಗಿಯೇ ಅರ್ಥವಾಗಬೇಕು. ಅಲ್ಲಿ ಅವನು ಸೋತವನಂತೆ ಕಾಣುತ್ತಾನೆ. ಏಳನೇ ಅಧ್ಯಾಯದಲ್ಲಿ ವಿಚಾರಣೆಯಿಲ್ಲದೆ ತೀರ್ಪು ಕೊಡಬಹುದೇ ಎಂದು ಹಿರಿಸಭೆಯಲ್ಲಿ ಒಂದು ಪ್ರಶ್ನೆ ಹಾಕಿ ಬೈಸಿಕೊಳ್ಳುತ್ತಾನೆ. ಹತ್ತೊಂಬತ್ತರಲ್ಲಿ ಶಿಷ್ಯರಲ್ಲಿ ಹೆಚ್ಚಿನವರು ಚದರಿದ ಮೇಲೆ ಯೇಸುವಿನ ಹೆಣದ ಹತ್ತಿರ ಬರುತ್ತಾನೆ, ಸುಮಾರು 100 ರಾತ್ಲು ರಕ್ತಬೋಳ, ಅಗರು ಹೊರಿಸಿಕೊಂಡು. ರೋಮ್ ರಾತ್ಲು ಸುಮಾರು 327 ಗ್ರಾಂ; ಲೆಕ್ಕ ಹಾಕಿದರೆ ಮೂವತ್ತೆರಡು ಕಿಲೋ ದಾಟುತ್ತದೆ. ಬೇಥಾನ್ಯದ ಮರಿಯಳು ಸುರಿದದ್ದು ಒಂದು ರಾತ್ಲು. ರಾತ್ರಿ ಮುಸುಕು ಹಾಕಿಕೊಂಡು ಬಂದವನು ಈಗ ಯಾವ ಉತ್ತರೀಯದಲ್ಲೂ ಮುಚ್ಚಿಡಲಾಗದ ಮೂಟೆ ತಂದಿದ್ದಾನೆ. ಹೆಣ ಮುಟ್ಟಿದವನು ಏಳು ದಿನ ಅಶುದ್ಧ, ಹಬ್ಬ ತಪ್ಪಿತು. ಯೋಹಾನನ ಪಸ್ಕ ಹಬ್ಬಗಳನ್ನು ಎಣಿಸಿದರೆ ಮೊದಲ ರಾತ್ರಿಯಿಂದ ಈ ಸಂಜೆಗೆ ಕಡಿಮೆಯೆಂದರೂ ಎರಡು ವರ್ಷ. ಕೈ ಎತ್ತಿ ತೀರ್ಮಾನ ಮಾಡಿ ಎಂದು ಅದೇ ರಾತ್ರಿ ಒತ್ತಾಯಿಸುವ ಕೂಟಗಳು ಈ ಎರಡು ವರ್ಷವನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇವೆ.

ನಜರೇತಿನಲ್ಲಿ ಅಪನಂಬಿಕೆಯಿಂದಾಗಿ ಯೇಸುವಿಗೆ ಮಹತ್ಕಾರ್ಯ ಮಾಡಲಾಗಲಿಲ್ಲ ಎಂದು ಮಾರ್ಕ 6ರಲ್ಲಿದೆಯಲ್ಲ? ಇದೆ. ಅದೇ ವಚನದಲ್ಲಿ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದರು ಎಂದೂ ಇದೆ. ಅಲ್ಲಿಯ ತೊಡಕು ಹಾಸಿಗೆ ಹಿಡಿದವರ ನಂಬಿಕೆಯದ್ದಲ್ಲ. ಇವನು ಬಡಗಿಯಲ್ಲವೇ, ಇವನ ಅಣ್ಣತಮ್ಮಂದಿರು ನಮಗೆ ಗೊತ್ತಿಲ್ಲವೇ ಎಂದ ಆರೋಗ್ಯವಂತರದ್ದು.

ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬರುತ್ತೇನೆ ಎನ್ನುವ ಹುಡುಗನಿಗೆ ಏನು ಹೇಳಬೇಕು? ಲೇವಿ ಸುಂಕದ ಕಟ್ಟೆ ಬಿಟ್ಟ, ಜಕ್ಕಾಯನಿಗೆ ಬಿಡು ಎಂದು ಹೇಳಿಲ್ಲ, ಶತಾಧಿಪತಿಗೆ ದಂಡು ಬಿಡು ಎಂದೂ ಹೇಳಿಲ್ಲ, ಗೆರಸೇನದವನು ಮನೆಗೆ ಹೋದ. ನಾಲ್ವರ ಕಥೆಯನ್ನೂ ಅವನ ಮುಂದಿಡಿ. ಸಾಲ ಎಷ್ಟಿದೆ, ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ತಪ್ಪಿಸುವುದನ್ನು ಯೇಸು ಮಾರ್ಕ 7ರಲ್ಲಿ ಕಟುವಾಗಿ ಬೈದಿದ್ದಾರೆ. ಪೇತ್ರನೂ ಬಲೆ ಬಿಟ್ಟವನೇ, ಆದರೂ ಅವನ ಅತ್ತೆ ಜ್ವರದಿಂದ ಎದ್ದು ಬಡಿಸಿದ್ದು ಅವನ ಮನೆಯಲ್ಲೇ.

ಮುಖ ಬಾಡಿಸಿಕೊಂಡು ಹೋದ ಶ್ರೀಮಂತ ಆಮೇಲೆ ತಿರುಗಿ ಬಂದನೇ? ಸಂಡೇ ಸ್ಕೂಲಿನಲ್ಲಿ ಪ್ರತಿ ಸಲವೂ ಬರುವ ಪ್ರಶ್ನೆ. ಬಾರ್ತಿಮಾಯನ ಹೆಸರೂ ಅವನ ಅಪ್ಪನ ಹೆಸರೂ ಮಾರ್ಕನಿಗೆ ಗೊತ್ತು. ಅವನ ಸುವಾರ್ತೆಯಲ್ಲಿ ವಾಸಿಯಾದವರಲ್ಲಿ ಹೆಸರಿರುವುದು ಆ ಭಿಕ್ಷುಕನೊಬ್ಬನಿಗೇ. ಅವನು ಎಸೆದ ಹೊದಿಕೆ ಹಗಲು ಭಿಕ್ಷೆಯ ಹಾಸು, ರಾತ್ರಿ ಚಳಿಗೆ ಕಂಬಳಿ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೂ ಸೂರ್ಯ ಮುಳುಗುವ ಮೊದಲು ವಾಪಸ್ಸು ಕೊಡಬೇಕು ಎಂದು ಮೋಶೆಯ ನಿಯಮವೇ ಇತ್ತು. ಶ್ರೀಮಂತನಿಗೆ ಹೆಸರಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಮುಂದಿನ ವಾರ ಮಾರ್ಕ 10:46ರಿಂದ 52ರವರೆಗಿನ ಏಳು ವಚನ ಓದಿಸಿ, ಅದಕ್ಕೆ ಮೊದಲು 17ರಿಂದ 22. ಹಲಗೆಯ ಮೇಲೆ ಅದೇ ಮೂರು ಪ್ರಶ್ನೆ. ಮಕ್ಕಳು ಆಮೇಲೆ, ಆಮೇಲೆ ಎಂದು ಕೇಳಿದರೆ ಕೇಳಲಿ. ನೀವಾಗಿ ಅವನನ್ನು ವಾಪಸ್ಸು ಕರೆತರಬೇಡಿ.